ಎಡಗೈಯ ಕಾಜಾ

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಗಾದೆ ಕಟ್ಟಿದವರನ್ನು ಒಂದು ದಿನ ಈ ಮನೆಗೆ ಕರೆತರಬೇಕಿತ್ತು. ಇಲ್ಲಿ ಇಪ್ಪತ್ತೆರಡು ವರ್ಷ ಉಂಡದ್ದೂ ಆಯಿತು, ಮಲಗಿದ್ದೂ ಆಯಿತು, ಜಗಳ ಮಾತ್ರ ಒಮ್ಮೆಯೂ ಆಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು. ಆಗಾಗ ಆಡಿ ಮುಗಿಸಬೇಕಾದ ಜಗಳಗಳೆಲ್ಲ ಒಟ್ಟುಗೂಡಿ, ಒಂದು ಹಳೇ ಕೋಟಾಗಿ, ಕೋರ್ಟಿನ ಮೇಜಿನ ಮೇಲೆ ಬಂದು ಕೂರುತ್ತಿರಲಿಲ್ಲ.

ಅಂಗಡಿ ಇದ್ದದ್ದು ಕೋರ್ಟಿನ ಹಿಂದಿನ ಬೀದಿಯಲ್ಲಿ. ವಕೀಲರ ಕರೀ ಕೋಟುಗಳೇ ಅದರ ಅನ್ನ. ದರ್ಜಿಯನ್ನು ಊರೆಲ್ಲ ಮಾಸ್ಟರ್ ಎಂದು ಕರೆಯುತ್ತಿತ್ತು. ಬಟ್ಟೆ ಕತ್ತರಿಸುವುದರಲ್ಲಿ, ಗಿರಾಕಿಯ ಹೊಟ್ಟೆ ಬೆಳೆದದ್ದನ್ನು ಬಾಯಿಬಿಟ್ಟು ಹೇಳದೆ ಅಳತೆ ಹೆಚ್ಚಿಸುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಆದರೂ ಅಂಗಡಿಗೆ ಹೆಸರು ಬಂದದ್ದು ಕಾಜಾದಿಂದ. ಗುಂಡಿ ತೂರಿಸುವ ಆ ಸಣ್ಣ ಸೀಳನ್ನು ಬೇರೆ ಕಡೆ ಮಿಷನ್ನಿನಲ್ಲಿ ಕಟಕಟ ಹೊಲಿದು ಮುಗಿಸಿದರೆ ಇಲ್ಲಿ ಕೈಯಲ್ಲೇ ಹಾಕುತ್ತಿದ್ದರು. ಬೋರ್ಡಿನ ಮೇಲೂ ದೊಡ್ಡ ಅಕ್ಷರದಲ್ಲಿ ಬರೆಸಿತ್ತು: 'ಮಾಸ್ಟರ್ ಕೈಯ ಕಾಜಾ'.

ಆ ಕೈ ಮಾಸ್ಟರ್‌ನದಾಗಿರಲಿಲ್ಲ. ಅಂಗಡಿಯ ಹಿಂಭಾಗಕ್ಕೆ ಒಂದು ಕಂದು ಪರದೆ, ಪರದೆಯ ಹಿಂದೆ ಒಂದು ಸ್ಟೂಲು, ಸ್ಟೂಲಿನ ಮೇಲೆ ಅವನ ಹೆಂಡತಿ ಎಡಚಿ. ಚಿಕ್ಕವಳಿದ್ದಾಗ ಕೈ ಬದಲಿಸಲೆಂದು ಅವಳ ಅಮ್ಮ ಸೌಟಿನಲ್ಲಿ ಬಾರಿಸಿ ಬಾರಿಸಿ, ಕೊನೆಗೆ ಸೌಟೇ ಬಾಗಿದ ಮೇಲೆ ಸೋತು ಇಟ್ಟ ಹೆಸರು ಅದು. ಎಡಗೈಯಲ್ಲೇ ಅವಳು ಬಟ್ಟೆ ಸೀಳಿ, ಅಂಚಿನುದ್ದಕ್ಕೂ ದಪ್ಪ ನೂಲೊಂದನ್ನು ಮಲಗಿಸಿ, ಮೇಣ ಉಜ್ಜಿದ ರೇಷ್ಮೆ ದಾರದಲ್ಲಿ ಗಂಟಿನ ಪಕ್ಕ ಗಂಟು ಕೂರಿಸುತ್ತಿದ್ದಳು. ಒಂದು ಕಾಜಾಕ್ಕೆ ನೂರರ ಸುಮಾರು ಗಂಟು, ಇಪ್ಪತ್ತು ನಿಮಿಷ. ಕೋಟೊಂದಕ್ಕೆ ಎದೆಯ ಮೇಲೆ ಮೂರು, ಕೊರಳಪಟ್ಟಿಗೆ ಒಂದು, ತೋಳಿನ ತುದಿಗೆ ನಾಲ್ಕು ನಾಲ್ಕು. ಕರೀ ಬಟ್ಟೆಯ ಮೇಲೆ ಕರೀ ದಾರ.

ಗಿರಾಕಿಗಳು ಬಾಗಿಲಿಗೆ ಬಂದ ಸದ್ದಾದರೆ ಮಾಸ್ಟರ್ ಬೆರಳಿಗೆ ತಗಡಿನ ಟೊಪ್ಪಿಗೆ ಏರಿಸಿ, ಸೂಜಿಯೊಂದನ್ನು ಹಿಡಿದು ಕೂರುತ್ತಿದ್ದ. "ಏನು ಮಾಸ್ಟರ್, ಕಣ್ಣು ಹಾಳಾಗಲ್ವಾ ನಿಮಗೆ?" ಎಂದು ಅವರು ಕೇಳಿದರೆ, "ಕಸುಬು ಅಂದ್ಮೇಲೆ ಕಣ್ಣು ಕೊಡ್ಲೇಬೇಕು ಸಾರ್" ಎನ್ನುತ್ತಿದ್ದ. ಮಾತೇನೋ ಸರಿ. ಕೊಟ್ಟ ಕಣ್ಣು ಪರದೆಯ ಹಿಂದಿನದು. ನಲವತ್ತೈದು ತುಂಬುವಷ್ಟರಲ್ಲಿ ಎಡಚಿಗೆ ಹತ್ತಿರದ ವಸ್ತುಗಳು ಮಂಜಾಗತೊಡಗಿದವು. ಕಣ್ಣಿನ ಡಾಕ್ಟರು, ಸೂಜಿ ಕೆಲಸ ಇನ್ನು ಸಾಕು, ಇಲ್ಲದಿದ್ದರೆ ಇರುವುದೂ ಹೋಗುತ್ತದೆ ಎಂದು ಬೈದು ಕಳಿಸಿದ್ದರು.

ಗಡಿಯಾರದವನು ಬಂದದ್ದು ಅದಕ್ಕೂ ಎರಡು ವರ್ಷ ಮೊದಲು. ಅಂಗಡಿಯ ಗೋಡೆ ಗಡಿಯಾರ ನಿಂತಿತ್ತು, ಅದನ್ನು ರಿಪೇರಿ ಮಾಡಲು ಕರೆಸಿದ್ದರು. ಕಣ್ಣಿಗೆ ಸಿಕ್ಕಿಸಿದ ಭೂತಗಾಜನ್ನು ತೆಗೆಯದೆಯೇ ಅವನು ಪಕ್ಕದಲ್ಲಿ ತೂಗುಹಾಕಿದ್ದ ಕೋಟಿನ ಕಡೆ ಬಾಗಿದ.

"ಮಾಸ್ಟರ್, ನೀವು ಬಲಗೈಯವರಲ್ವಾ?"

"ಹೌದು, ಯಾಕೆ?"

"ಈ ಗಂಟುಗಳೆಲ್ಲ ಆ ಕಡೆಗೆ ಬಾಗಿವೆ. ಇದು ಎಡಗೈಯವರು ಹಾಕಿದ್ದು. ಭಾರೀ ಕೈ ಕಣ್ರೀ ಇದು."

ಮಾಸ್ಟರ್ ನಕ್ಕು, ಕಸುಬಿನ ಗುಟ್ಟು ಅದು, ಎಂದು ತೇಲಿಸಿಬಿಟ್ಟ. ಪರದೆಯ ಹಿಂದೆ ಎಡಚಿಯ ಸೂಜಿ ಅರ್ಧದಲ್ಲೇ ನಿಂತಿತು. ಅವಳ ಕೆಲಸ ಅವಳದು ಎಂದು ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಒಬ್ಬರು ಹೇಳಿದ್ದರು, ಅದೂ ಅವಳ ಮುಖವನ್ನೇ ನೋಡದೆ. ಅವಳಿಗೆ ಅಳು ಬಂತು, ಯಾಕೆಂದು ಅವಳಿಗೇ ತಿಳಿಯಲಿಲ್ಲ.

ಆಮೇಲೆ ಆದದ್ದು ಆಯಿತು. ಒಂದು ಚಳಿಗಾಲದ ಮಾತು. ಇಂಥ ಕಡೆ ಹೆಂಗಸಿಗೆ ಕಾರಣ ಹುಡುಕಿಕೊಡುವ ರೂಢಿಯುಂಟು, ಗಂಡ ಕುಡಿಯುತ್ತಿದ್ದ, ಹೊಡೆಯುತ್ತಿದ್ದ ಎಂದು. ಮಾಸ್ಟರ್ ಎರಡೂ ಮಾಡುತ್ತಿರಲಿಲ್ಲ. ಅವಳಿಗೆ ಗಡಿಯಾರದವನು ಇಷ್ಟವಾದ, ಅವನ ಅಂಗಡಿಯ ಮೇಲಿನ ಕೋಣೆಗೆ ಹೋದಳು, ಹೋದಾಗ ಸಂತೋಷವಾಯಿತು. ಅವನ ಹಳೇ ಕಂದು ಕೋಟಿನ ಸವೆದ ಕಾಜಾಗಳನ್ನೆಲ್ಲ ಬಿಚ್ಚಿ, ತಾನೇ ಕೊಂಡ ಮರೂನ್ ರೇಷ್ಮೆ ದಾರದಲ್ಲಿ ಹೊಸದಾಗಿ ಹಾಕಿಕೊಟ್ಟಳು. ಗಡಿಯಾರದ ಸರಪಳಿ ಸಿಕ್ಕಿಸಲೆಂದು ಒಳಮೈಯಲ್ಲಿ, ಎದೆಯ ಎಡಕ್ಕೆ, ಯಾವ ದರ್ಜಿಯೂ ಹಾಕದ ಜಾಗದಲ್ಲಿ ಇನ್ನೊಂದು ಹಾಕಿದಳು. ಚಳಿಗಾಲ ಮುಗಿಯುವಾಗ, ಸಾಕು ಎಂದು ಅವಳೇ ಹೋಗುವುದನ್ನು ಬಿಟ್ಟಳು. ಅಲ್ಲಿಗೆ ಮುಗಿಯಬೇಕಿತ್ತು.

ಮುಗಿಯಲು ಲಾಂಡ್ರಿಯವನು ಬಿಡಲಿಲ್ಲ. ಮರುವರ್ಷ ಗಡಿಯಾರದವನ ಕೋಟು ಇಸ್ತ್ರಿಗೆ ಬಂದಾಗ ಅದನ್ನು ಎತ್ತಿಕೊಂಡು ನೇರ ಮಾಸ್ಟರ್ ಬಳಿಗೆ ಬಂದ. "ಏನು ಮಾಸ್ಟರ್, ನಿಮ್ಮ ಕಾಜಾಕ್ಕೆ ಬಣ್ಣ ಬಂದುಬಿಟ್ಟಿದೆ!" ಎಂದು ಹಲ್ಲು ಕಿರಿದ. ಮಾಸ್ಟರ್ ಕೋಟನ್ನು ತಿರುಗಿಸಿ ನೋಡಿದ. ಒಳಗಿನ ಕಾಜಾವನ್ನು ಬಹಳ ಹೊತ್ತು ನೋಡಿದ. ಕೋಟು ಯಾರದೆಂದು ಕೇಳಿ ತಿಳಿದುಕೊಂಡು, ಅದನ್ನು ಹಿಂದಕ್ಕೆ ಕೊಡದೆ ಇಟ್ಟುಕೊಂಡ. ಅಂದು ಸಂಜೆ ಎಡಚಿಯ ಪೆಟ್ಟಿಗೆ ಬಾಗಿಲ ಹೊರಗಿತ್ತು.

ಅವನು ಹಾಕಿದ ಡೈವೋರ್ಸ್ ಅರ್ಜಿಯಲ್ಲಿ ಎರಡು ಮಾತಿತ್ತು. ಒಂದು, ಹೆಂಡತಿ ನಡತೆಗೆಟ್ಟವಳು, ಆದ್ದರಿಂದ ಬಿಡಿಗಾಸು ಜೀವನಾಂಶ ಕೊಡಬಾರದು. ಎರಡು, ಅಂಗಡಿಯ ಕೆಲಸಕ್ಕೆ ಅವಳು ಎಂದೂ ಕೈ ಹಚ್ಚಿದವಳಲ್ಲ, ಮನೆಯಲ್ಲಿ ಆರಾಮಾಗಿ ಕೂತಿದ್ದವಳು, ಆದ್ದರಿಂದ ಅಂಗಡಿಯ ಆದಾಯಕ್ಕೂ ಅವಳಿಗೂ ಸಂಬಂಧವಿಲ್ಲ.

ಎಡಚಿ ತಮ್ಮನ ಮನೆ ಸೇರಿದಳು. ಜಾಗ ಸಿಕ್ಕಿದ್ದು ಮಕ್ಕಳ ಸೈಕಲ್ಲುಗಳನ್ನು ನಿಲ್ಲಿಸುವ ಕೋಣೆಯಲ್ಲಿ. ಹಾಸಿಗೆ ಹಾಸಿದರೆ ಕಾಲಿಗೆ ಪೆಡಲ್ಲು ತಾಗುತ್ತಿತ್ತು. ತಮ್ಮನ ಹೆಂಡತಿ ಕೆಟ್ಟವಳಲ್ಲ. "ಅತ್ತಿಗೆ, ನಾನು ನಿಮ್ಮನ್ನ ಹೋಗಿ ಅನ್ನಲ್ಲ. ಆದ್ರೆ ಎಷ್ಟು ದಿನ ಅಂತ ನೀವೇ ಹೇಳಿ" ಎಂದು ನೇರವಾಗಿಯೇ ಕೇಳಿದಳು. ಎಡಚಿಗೆ ಗೊತ್ತಿದ್ದ ಒಂದೇ ಕಸುಬಿಗೆ ಬೇಕಾದ ಕಣ್ಣು ಉಳಿದಿರಲಿಲ್ಲ. ಜೀವನಾಂಶ ಸಿಕ್ಕರೆ ಒಂದು ಬಾಡಿಗೆ ಕೋಣೆ, ಸಿಗದಿದ್ದರೆ ಸಾಯುವ ತನಕ ಸೈಕಲ್ಲುಗಳು.

ಅವಳ ವಕೀಲೆ ಇದನ್ನೆಲ್ಲ ಚೆನ್ನಾಗಿ ಬಲ್ಲವಳು. "ನೋಡಿಮ್ಮ, ನಡತೆ ತಪ್ಪಿದ್ದು ರುಜುವಾತಾದ್ರೆ ಜೀವನಾಂಶ ಕಡಿಮೆ ಮಾಡೋಕೂ ಜಡ್ಜ್‌ಗೆ ಅಧಿಕಾರ ಇದೆ, ಪೂರ್ತಿ ಇಲ್ಲ ಅನ್ನೋಕೂ ಇದೆ. ಆದ್ರೆ ಅವರ ಹತ್ರ ಇರೋದು ಆ ಕೋಟು ಒಂದೇ. ಕೋಟು ಬಿದ್ರೆ ಕೇಸು ಬಿತ್ತು" ಎಂದಿದ್ದಳು.

ವಿಚಾರಣೆಯ ದಿನ ಮಾಸ್ಟರ್ ಮೊದಲು ಕಟಕಟೆ ಹತ್ತಿದ. ಇಸ್ತ್ರಿ ಮಾಡಿದ ಅಂಗಿ, ತಲೆಗೆ ಎಣ್ಣೆ, ಮುಖದಲ್ಲಿ ಮರ್ಯಾದಸ್ಥನ ದುಃಖ. ಅವನ ಪರ ವಕೀಲ ಎತ್ತರದ ಆಸಾಮಿ. ಕಂದು ಕೋಟನ್ನು ಎತ್ತಿ ಹಿಡಿದು, ಇದು ನಿಮ್ಮ ಹೆಂಡತಿಯೇ ಹೊಲಿದದ್ದು ಎಂದು ಹೇಗೆ ಹೇಳುತ್ತೀರಿ ಎಂದು ಕೇಳಿದ. ಒಂದು ಮಾತಿನಲ್ಲಿ ಉತ್ತರ ಕೊಟ್ಟು ಇಳಿಯಬಹುದಿತ್ತು. ಆದರೆ ಕಸುಬಿನವನನ್ನು ಕಸುಬಿನ ಬಗ್ಗೆ ಕೇಳಬಾರದು, ಕೇಳಿದರೆ ಅವನು ತಾನೆಲ್ಲಿದ್ದೇನೆ ಎಂಬುದನ್ನೇ ಮರೆಯುತ್ತಾನೆ.

"ಇಲ್ಲಿ ನೋಡಿ ಸಾರ್" ಎಂದು ಅವನು ಕಾಜಾವನ್ನು ಬೆಳಕಿಗೆ ಹಿಡಿದ. "ಬಲಗೈಯವರು ಹಾಕಿದ್ರೆ ಗಂಟು ಈ ಕಡೆ ಬಾಗುತ್ತೆ. ಇದು ಆ ಕಡೆ ಬಾಗಿದೆ. ಕೊನೇಲಿ ನೋಡಿ, ಎಲ್ಲರೂ ಅಡ್ಡಕ್ಕೆ ಎರಡು ಹೊಲಿಗೆ ಹಾಕಿ ಮುಗಿಸ್ತಾರೆ. ಇಲ್ಲಿ ಮೂರಿದೆ. ಮೂರನೇದು ಒಳಗೆ ಮುಳುಗಿದೆ, ಬೆರಳಿಗೆ ಸಿಗುತ್ತೆ, ಕಣ್ಣಿಗೆ ಕಾಣಲ್ಲ. ಹೀಗೆ ಹಾಕೋ ಕೈ ಈ ಊರಲ್ಲಿ ಒಂದೇ. ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಹೇಳ್ತೀನಿ, ಇದು ಇವಳದ್ದೇ."

ಎಡಚಿ ಕೂತಲ್ಲಿಂದಲೇ ಅವನನ್ನು ನೋಡಿದಳು. ಮೂರನೆಯ ಹೊಲಿಗೆ ಅವನಿಗೆ ಗೊತ್ತಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಅವನ ಬಾಯಿಂದ ಬಂದ ಮೊದಲ ಹೊಗಳಿಕೆ ಅದು. ಹೊಗಳಲು ಅವನಿಗೆ ಕೋರ್ಟು ಬೇಕಾಯಿತು.

"ಅಂಗಡಿಗೆ ಬರದವಳ ಕೈ ನಿಮಗೆ ಹೇಗೆ ಗೊತ್ತು?" ಎಂದು ಅವಳ ವಕೀಲೆ ಕೇಳಿದಾಗ ಮಾಸ್ಟರ್ ತಡವರಿಸಲಿಲ್ಲ. "ಮನೇಲಿ ತನ್ನ ಬಟ್ಟೆ ತಾನು ಹೊಲ್ಕೋತಿದ್ಲು. ನೋಡಿದ್ದೀನಿ" ಎಂದು ಇಳಿದುಬಿಟ್ಟ.

ಆಮೇಲೆ ಗಡಿಯಾರದವನು ಬಂದ. ಕೋಟು ನನ್ನದೇ, ಸಂತೆಯಲ್ಲಿ ಹಳೇ ಬಟ್ಟೆಯ ರಾಶಿಯಿಂದ ಕೊಂಡದ್ದು, ಕಾಜಾ ಕೊಳ್ಳುವಾಗಲೇ ಹೀಗಿತ್ತು, ಈ ಹೆಂಗಸನ್ನು ಅಂಗಡಿ ಗಡಿಯಾರ ರಿಪೇರಿಗೆ ಹೋದಾಗಲೂ ಕಂಡದ್ದಿಲ್ಲ ಎಂದ. ನೆಲ ನೋಡಿಕೊಂಡು ಹೇಳಿದ, ಆದರೂ ಸ್ಪಷ್ಟವಾಗಿ ಹೇಳಿದ. ಅವಳನ್ನು ಉಳಿಸಲೆಂದೇ ಹೇಳಿದ ಎಂಬುದು ಅವಳಿಗೆ ಗೊತ್ತಿತ್ತು.

ಊಟದ ಬಿಡುವಿನಲ್ಲಿ ವಕೀಲೆ ಅವಳನ್ನು ಮೆಟ್ಟಿಲ ಕೆಳಗಿನ ಬೆಂಚಿಗೆ ಎಳೆದುಕೊಂಡು ಹೋದಳು. ಮುಖದಲ್ಲಿ ಖುಷಿ ತುಳುಕುತ್ತಿತ್ತು.

"ಗೆದ್ವಿ ಅಂತಲೇ ತಿಳ್ಕೊಳ್ಳಿ. ಅವನು ಇಲ್ಲ ಅಂದ. ಈಗ ನೀವು ಒಂದೇ ಮಾತು ಹೇಳಿ. ಕೋಟು ತೋರಿಸ್ತಾರೆ, 'ನಂದಲ್ಲ' ಅನ್ನಿ. ಅಷ್ಟೇ. ಬಾಯಿ ಬಿಟ್ರೆ ಬಣ್ಣಗೇಡು, ಜಾಸ್ತಿ ಮಾತು ಬೇಡ."

"ನಂದಲ್ಲ ಅನ್ಬೇಕಾ?"

"ಹ್ಞೂಂ. ನಡತೆ ಮೇಲಿನ ಆರೋಪ ಬಿತ್ತು, ಹೆಂಡತಿಗೆ ಸಿಗಬೇಕಾದ ಜೀವನಾಂಶ ನಿಮಗೆ ಸಿಗುತ್ತೆ."

"ಅವರೂ ಅದನ್ನೇ ಹೇಳ್ತಾ ಬಂದ್ರು ಲಾಯರಮ್ಮ. ಇಪ್ಪತ್ತೆರಡು ವರ್ಷ. ನಂದಲ್ಲ ಅಂತ."

ವಕೀಲೆಗೆ ಆ ಮಾತು ಅರ್ಥವಾಗಲಿಲ್ಲ, ಅಥವಾ ಅರ್ಥ ಮಾಡಿಕೊಳ್ಳುವಷ್ಟು ಹೊತ್ತಿರಲಿಲ್ಲ. ಜೊತೆಗೆ ಬಂದಿದ್ದ ತಮ್ಮನ ಹೆಂಡತಿ ಮಾತ್ರ ಅವಳ ಮುಖ ನೋಡಿಯೇ ಗಾಬರಿಯಾದಳು. "ಅತ್ತಿಗೆ, ದಮ್ಮಯ್ಯ. ಹೊಟ್ಟೆಗೆ ಹಿಟ್ಟಿಲ್ದೆ ಇದ್ರೂ ಜುಟ್ಟಿಗೆ ಮಲ್ಲಿಗೆ ಅನ್ನೋ ಹಂಗೆ ಮಾಡ್ಬೇಡಿ. ಮೊದ್ಲು ದುಡ್ಡು ಬರ್ಲಿ, ಮರ್ಯಾದೆ ಆಮೇಲೆ ನೋಡ್ಕೊಳ್ಳೋಣ" ಎಂದು ಕೈ ಹಿಡಿದುಕೊಂಡಳು.

"ಆಯ್ತು ಕಣೆ" ಎಂದಳು ಎಡಚಿ. ಹೇಳುವಾಗ ಅವಳ ಮನಸ್ಸಿನಲ್ಲೂ ಆಯ್ತು ಎಂದೇ ಇತ್ತು.

ಕಟಕಟೆಯಲ್ಲಿ ಮಾಸ್ಟರ್‌ನ ವಕೀಲ ಕೋಟನ್ನು ಅವಳ ಮುಂದೆ ಹರಡಿದ. ಒಳಮೈಯನ್ನು ಮೇಲೆ ಮಾಡಿ, ಬೇಕೆಂದೇ ಎದೆಯ ಎಡಗಡೆಯ ಕಾಜಾ ಎಲ್ಲರಿಗೂ ಕಾಣುವಂತೆ ಹಿಡಿದ. ಅವಳ ಕಣ್ಣಿಗೆ ಅದು ಮಂಜಿನಲ್ಲಿ ಮರೂನ್ ಗೆರೆಯೊಂದರಂತೆ ಕಂಡಿತು. ಅವಳು ಎಡಗೈ ಚಾಚಿ ಹೆಬ್ಬೆರಳನ್ನು ಅದರ ಮೇಲೆ ಎಳೆದಳು. ಗಂಟು, ಗಂಟು, ಗಂಟು, ಒಂದೂ ಸಡಿಲಿಲ್ಲ. ಕೊನೆಯಲ್ಲಿ ಮೂರನೆಯ ಹೊಲಿಗೆ ಬೆರಳಿಗೆ ಸಿಕ್ಕಿತು.

"ಹೇಳಿ. ಇದು ನಿಮ್ಮ ಕೈಕೆಲಸವೇ?"

ವಕೀಲೆ ತಲೆ ಅಲ್ಲಾಡಿಸಿದಳು, ಇಲ್ಲ ಅನ್ನಿ ಎಂದು. ಎಡಚಿಗೆ ಅದು ಕಂಡಿತು. ದೂರದ್ದು ಅವಳಿಗೆ ಚೆನ್ನಾಗಿಯೇ ಕಾಣುತ್ತಿತ್ತು.

"ನಂದೇ" ಎಂದಳು.

ಕೋರ್ಟಿನಲ್ಲಿ ಗುಸುಗುಸು ಎದ್ದಿತು. ತಮ್ಮನ ಹೆಂಡತಿ ಹಣೆ ಚಚ್ಚಿಕೊಂಡಳು. ಮಾಸ್ಟರ್‌ನ ವಕೀಲ ಇಷ್ಟು ಸುಲಭವಾಗಿ ಗೆದ್ದ ಖುಷಿಯಲ್ಲಿ ಜಡ್ಜ್ ಕಡೆ ತಿರುಗಿದ. "ಅಂದರೆ ಸಂಬಂಧ ಇದ್ದದ್ದು ಒಪ್ಪುತ್ತೀರಿ?"

"ಒಪ್ತೀನಿ. ಒಂದು ಚಳಿಗಾಲ. ಇಷ್ಟಪಟ್ಟೆ, ಹೋದೆ. ತಪ್ಪು ಅಂದ್ರೆ ತಪ್ಪು, ಬರ್ಕೊಳ್ಳಿ. ಆದ್ರೆ ಸಾರ್, ನಿಮ್ಮ ತೋಳಿಂದೂ ನಂದೇ."

"ಏನು?"

"ನೀವು ಹಾಕ್ಕೊಂಡಿರೋ ಕೋಟು. ತೋಳಿಂದು ನಾಲ್ಕೂ. ಗಂಟು ಯಾವ ಕಡೆ ಬಾಗಿದೆ ನೋಡ್ಕೊಳ್ಳಿ. ಕೊನೇಲಿ ಬೆರಳಾಡಿಸಿ, ಮೂರನೇ ಹೊಲಿಗೆ ಸಿಗುತ್ತೆ. ಆ ಮೂಲೇಲಿ ಕೂತಿರೋ ಕನ್ನಡಕದವ್ರದ್ದೂ ನಂದೇ. ಅವರ ಹಿಂದೆ ಇರೋವ್ರದ್ದೂ ನಂದೇ. ಮಾಸ್ಟರ್ ಈಗ ತಾನೇ ಹೇಳಿದ್ರಲ್ಲ, ಹೀಗೆ ಹಾಕೋ ಕೈ ಈ ಊರಲ್ಲಿ ಒಂದೇ ಅಂತ. ಸುಳ್ಳು ಹೇಳಿಲ್ಲ ಅವರು."

ಕೋರ್ಟು ತುಂಬ ಕೂತಿದ್ದ ಕರೀ ಕೋಟುಗಳೆಲ್ಲ ಒಮ್ಮೆಗೇ ತಲೆ ತಗ್ಗಿಸಿ ತಮ್ಮ ತಮ್ಮ ತೋಳು ನೋಡಿಕೊಂಡವು. ಒಬ್ಬ ಮುದಿ ವಕೀಲರಂತೂ ಕೋಟನ್ನೇ ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದರು. ನಗು ಬಂದವರು ಕೆಮ್ಮಿದರು. ಜಡ್ಜ್ ವಯಸ್ಸಾದ ಹೆಂಗಸು, ಬೇರೆ ಊರಿಂದ ವರ್ಗವಾಗಿ ಬಂದವರು. ಅವರ ಕೋಟಿನದು ಮಿಷನ್ ಕಾಜಾ. ಹಾಗಾಗಿ ಆ ಕೋಣೆಯಲ್ಲಿ ಯಾರ ಹಂಗೂ ಇಲ್ಲದೆ ಕೂತಿದ್ದವರು ಅವರೊಬ್ಬರೇ.

"ವಕೀಲರೇ, ನಿಮ್ಮ ತೋಳು ಸ್ವಲ್ಪ ಇಲ್ಲಿ ಕೊಡಿ" ಎಂದರು ಅವರು.

ಎತ್ತರದ ಆಸಾಮಿ ಕೈ ಚಾಚಿ ನಿಂತ. ಜಡ್ಜ್ ಕಂದು ಕೋಟನ್ನೂ ಅವನ ತೋಳನ್ನೂ ಪಕ್ಕಪಕ್ಕ ಇಟ್ಟು, ಕನ್ನಡಕ ಏರಿಸಿ ನೋಡಿ, ಕೊನೆಗೆ ಬೆರಳನ್ನೂ ಆಡಿಸಿದರು. ನಂತರ ಎಡಚಿಯನ್ನು ಕೇಳಿದರು.

"ಇದನ್ನು ಮೊದಲೇ ಯಾಕೆ ಹೇಳಲಿಲ್ಲ?"

"ಯಾರೂ ಕೇಳ್ಲಿಲ್ಲ ಮೇಡಂ. ಇವತ್ತು ಕೇಳಿದ್ರು. ಕೇಳಿದ್ದು ನನ್ನ ಮಾನ ಕಳೆಯೋಕೇ ಇರಬಹುದು, ಆದ್ರೂ ಕೇಳಿದ್ರು. ನಂದಲ್ಲ ಅಂದಿದ್ರೆ ನಾನು ಒಳ್ಳೇ ಹೆಂಡತಿ ಆಗ್ತಿದ್ದೆ. ಒಳ್ಳೇ ಹೆಂಡತಿ ಅನ್ನಿಸ್ಕೊಳ್ಳೋಕೆ ನನ್ನ ಕೈ ನಾನೇ ಕಡ್ಕೊಳ್ಳಲ್ಲ. ನನ್ನ ಕಣ್ಣು ಆ ಅಂಗಡಿಗೆ ಹೋಗಿದೆ. ಜೀವನಾಂಶ ನಾನು ಭಿಕ್ಷೆ ಅಂತ ಕೇಳ್ತಿಲ್ಲ, ಒಳ್ಳೇ ಹೆಂಡತಿಗೆ ಬಹುಮಾನ ಅಂತಾನೂ ಕೇಳ್ತಿಲ್ಲ."

ಹೊರಗೆ ಮೆಟ್ಟಿಲ ಬಳಿ ಗಡಿಯಾರದವನು ಕಾದಿದ್ದ. "ನಿಮಗೋಸ್ಕರ ಸುಳ್ಳು ಹೇಳ್ದೆ. ಎಲ್ಲ ಕೆಡಿಸ್ಕೊಂಡ್ರಲ್ಲ" ಎಂದ. ಅವನ ದನಿಯಲ್ಲಿ ನೋವಿತ್ತು.

"ನೀವು ಹೇಳಿದ್ದು ಒಳ್ಳೇದಕ್ಕೇ, ನಂಗೊತ್ತು. ಆದ್ರೆ ಆ ಕಾಜಾ ನಂದು ಅಂತ ಮೊದಲು ಹೇಳಿದೋರು ನೀವು. ನೀವೇ ಅಲ್ಲ ಅಂದ್ಬಿಟ್ರಿ." ಅವಳು ಕೋಪದಿಂದ ಹೇಳಲಿಲ್ಲ. ಹೇಳಿ ಮೆಟ್ಟಿಲಿಳಿದಳು, ತಮ್ಮನ ಹೆಂಡತಿ ಮೂಗೊರೆಸಿಕೊಳ್ಳುತ್ತ ಹಿಂದೆ ಬಂದಳು.

ತೀರ್ಪು ಬರಲು ಎರಡು ತಿಂಗಳಾಯಿತು. ಅಷ್ಟು ದಿನವೂ ಪೆಡಲ್ಲುಗಳು ಅವಳ ಕಾಲಿಗೆ ತಾಗುತ್ತಲೇ ಇದ್ದವು, ಪಶ್ಚಾತ್ತಾಪವಾಗಬೇಕಿತ್ತೇನೋ ಎಂದು ಅವಳು ದಿನಾ ಹುಡುಕಿ ನೋಡುತ್ತಿದ್ದಳು. ಸಿಗಲಿಲ್ಲ.

ಜಡ್ಜ್ ಓದಿದರು. ಹೆಂಡತಿ ನಡತೆ ತಪ್ಪಿದ್ದು ಅವಳ ಬಾಯಿಂದಲೇ ರುಜುವಾತಾಗಿದೆ. ಹಾಗೆಯೇ ಅಂಗಡಿಯ ಹೆಸರಿಗೂ ಆದಾಯಕ್ಕೂ ಅವಳ ಕೈ ಕಾರಣವೆಂಬುದು ಗಂಡನ ಬಾಯಿಂದಲೇ ರುಜುವಾತಾಗಿದೆ. ಮೊದಲನೆಯದು ಎರಡನೆಯದನ್ನು ಅಳಿಸುವುದಿಲ್ಲ. ಆದ್ದರಿಂದ ಜೀವನಾಂಶವನ್ನು ಮನೆಖರ್ಚಿನ ಲೆಕ್ಕ ಬಿಟ್ಟು ಅಂಗಡಿಯ ಆದಾಯದ ಮೇಲೆ ನಿಗದಿ ಮಾಡಿದೆ, ನಡತೆಯ ತಪ್ಪಿಗಾಗಿ ಅದರಲ್ಲಿ ಐದರಲ್ಲೊಂದು ಪಾಲು ಕಡಿತ ಮಾಡಿದೆ.

"ಮೇಲ್ಮನವಿ ಹಾಕೋಣ, ಆ ಕಡಿತಾನೂ ತೆಗೆಸಬಹುದು" ಎಂದು ವಕೀಲೆ ಪಿಸುಗುಟ್ಟಿದಳು.

"ಬೇಡ. ಇರ್ಲಿ ಬಿಡಿ. ಆ ಚಳಿಗಾಲಕ್ಕೆ ಅಷ್ಟು ಕೊಡಬಹುದು" ಎಂದಳು ಎಡಚಿ. ಬಾಡಿಗೆ ಕೋಣೆಗೆ ಕಿಟಕಿ ಯಾವ ಕಡೆ ಇದ್ದರೆ ಒಳ್ಳೆಯದು ಎಂಬ ಯೋಚನೆ ಆಗಲೇ ಅವಳ ತಲೆಯಲ್ಲಿ ಶುರುವಾಗಿತ್ತು. ತಮ್ಮನ ಹೆಂಡತಿ ಈ ಸಲವೂ ಅಳುತ್ತಿದ್ದಳು, ಜೊತೆಗೆ ನಗುತ್ತಲೂ ಇದ್ದಳು.

ಹೊರಗೆ ಕಾರಿಡಾರಿನಲ್ಲಿ ಮಾಸ್ಟರ್ ತನ್ನ ವಕೀಲನ ಜೊತೆ ನಿಂತಿದ್ದ. ಬೆರಳಲ್ಲಿ ತಗಡಿನ ಟೊಪ್ಪಿಗೆ, ಅಂಗಡಿಯಿಂದ ಹಾಗೇ ಬಂದಿರಬೇಕು. ಎಡಚಿ ಹತ್ತಿರ ಬಂದಾಗ ಎತ್ತರದ ಆಸಾಮಿ ಸಂಕೋಚದಿಂದ ಗಂಟಲು ಸರಿಮಾಡಿಕೊಂಡ.

"ಅಮ್ಮಾ, ಒಂದ್ನಿಮಿಷ. ಕೇಸಿನ ಮಾತಲ್ಲ. ಹೋದ ತಿಂಗಳು ಈ ತೋಳಿಂದು ಒಂದು ಕಾಜಾ ಕಿತ್ತು ಹೋಗಿತ್ತು. ಅಂಗಡಿಗೇ ಕೊಟ್ಟು ಹಾಕಿಸ್ದೆ. ಸರಿಯಾಗಿದೆಯಾ ಅಂತ ಒಂದ್ಸಲ ನೋಡ್ತೀರಾ?"

ಮಾಸ್ಟರ್ ಕಿಟಕಿಯ ಕಡೆ ಮುಖ ತಿರುಗಿಸಿದ, ಆದರೆ ಅಲ್ಲಿಂದ ಹೋಗಲಿಲ್ಲ. ಅವಳು ತೋಳನ್ನು ಹಿಡಿದುಕೊಂಡಳು. ನೋಡಲು ಹೋಗಲಿಲ್ಲ, ಎಡ ಹೆಬ್ಬೆರಳನ್ನು ಒಂದೊಂದರ ಮೇಲೂ ನಿಧಾನ ಎಳೆದಳು.

"ನಂದು" ಎಂದಳು. "ಇದೂ ನಂದು. ಇದೂ ನಂದು."

ನಾಲ್ಕನೆಯದರ ಮೇಲೆ ಬೆರಳು ನಿಂತಿತು. ಗಂಟುಗಳು ಈ ಕಡೆ ಬಾಗಿದ್ದವು, ಎರಡು ಆಗಲೇ ಸಡಿಲಾಗಿದ್ದವು, ಕೊನೆಯಲ್ಲಿ ಮೂರನೆಯ ಹೊಲಿಗೆ ಇರಲಿಲ್ಲ. ಅವಳು ತೋಳನ್ನು ಬಿಟ್ಟು, ಮಾಸ್ಟರ್‌ಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು.

"ಇದು ನಂದಲ್ಲ."